ಹುಣಸೆ ಬೀಜದಲ್ಲಿ ಲೋಕದ ವ್ಯಾಪಾರ

ಬೆಂಗಳೂರಿನಿಂದ ಹೊಸೂರಿನ ಕಡೆಗೆ ಹೋಗುವಾಗ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ದಾಟಿದ ಮೇಲೆ ಬೊಮ್ಮನಹಳ್ಳಿ ಸಿಗುತ್ತದೆ. ಹೆಸರಿನಲ್ಲಿ ಹಳ್ಳಿ ಉಳಿದಿದೆ, ಹೊಲ ಉಳಿದಿಲ್ಲ. ಒಂದು ಕಾಲಕ್ಕೆ ರಾಗಿ, ಅವರೆ ಬೆಳೆಯುತ್ತಿದ್ದ ಈ ಸೀಮೆ ಮೊದಲು ನಗರಸಭೆಯಾಗಿ, 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿಹೋಯಿತು. ಬೆಳಗಿನ ಹೊತ್ತು ಅಲ್ಲಿ ನಿಂತು ನೋಡಿದರೆ ಊಟದ ಡಬ್ಬಿ ಹಿಡಿದ ಹೆಣ್ಣುಮಕ್ಕಳು ಗುಂಪು ಗುಂಪಾಗಿ ಗಾರ್ಮೆಂಟ್ಸ್ ಕಾರ್ಖಾನೆಗಳ ಕಡೆಗೆ ಹೋಗುವುದು ಕಾಣುತ್ತದೆ. ಅವರಲ್ಲಿ ಬಹಳ ಜನ ಒಕ್ಕಲುತನದ ಮನೆಗಳಿಂದ ಬಂದವರು. ಅವರು ಹೊಲಿದ ಅಂಗಿ ಹಡಗು ಹತ್ತಿ ಅಮೆರಿಕ, ಯೂರೋಪಿನ ಅಂಗಡಿಗಳಿಗೆ ಹೋಗುತ್ತದೆ.

ರಾಯಚೂರಿನಲ್ಲೋ ಹಾವೇರಿಯಲ್ಲೋ ಹತ್ತಿ ಬೆಳೆಯುವ ರೈತ ಬಾಂಧವರು ‘ಇದರಿಂದ ನಮಗೇನು?’ ಎಂದು ಕೇಳಬಹುದು. ಹೊಲದ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಗೆ, ಅಲ್ಲಿಂದ ನೂಲಿನ ಗಿರಣಿಗೆ, ನೂಲು ಬಟ್ಟೆಯಾಗಿ ಇಂಥ ಹೊಲಿಗೆ ಕಾರ್ಖಾನೆಗೆ, ಅಂಗಿಯಾಗಿ ಹೊರದೇಶದ ಸಗಟು ವ್ಯಾಪಾರಿಗೆ, ಕಡೆಗೆ ಅಂಗಡಿಯ ಗಿರಾಕಿಗೆ ತಲುಪುತ್ತದೆ. ಸರಕು ಹೀಗೆ ಮುಂದಕ್ಕೆ ಹೋದರೆ ಬೇಡಿಕೆಯ ಸುದ್ದಿ ಇದೇ ದಾರಿಯಲ್ಲಿ ಹಿಂದಕ್ಕೆ ಬರುತ್ತದೆ. ಇದಕ್ಕೆ ಈಗ ಪೂರೈಕೆ ಸರಪಳಿ ಎಂದು ಹೆಸರು. ಸರಪಳಿಯ ಆ ತುದಿಯಲ್ಲಿ ಗಿರಾಕಿ, ಈ ತುದಿಯಲ್ಲಿ ನಾವು. ಮಗಳು ಬೊಮ್ಮನಹಳ್ಳಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರೆ ಒಂದೇ ಸರಪಳಿಯ ಎರಡು ಕೊಂಡಿಯಲ್ಲಿ ಒಂದೇ ಮನೆಯವರು ಸಿಕ್ಕಿಕೊಂಡಂತೆ.

ಬೊಮ್ಮನಹಳ್ಳಿಯಿಂದ ಕೆಲವೇ ಮೈಲಿ ಪಶ್ಚಿಮಕ್ಕೆ, ಬನ್ನೇರುಘಟ್ಟ ರಸ್ತೆಯಲ್ಲಿ, 1973ರಲ್ಲಿ ಸ್ಥಾಪನೆಯಾದ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆ ಇದೆ. ವ್ಯಾಪಾರ ನಿರ್ವಹಣೆಯನ್ನು ಕಲಿಸುವ ಇಂಥ ಸಂಸ್ಥೆಗಳಲ್ಲಿ, ದೇಶ ವಿದೇಶಗಳಲ್ಲಿ, ಪೂರೈಕೆ ಸರಪಳಿಯ ಪಾಠವನ್ನು ಎಷ್ಟೋ ಕಡೆ ಪುಸ್ತಕ ಬಿಚ್ಚುವ ಮೊದಲು ಒಂದು ಆಟದಿಂದ ಆರಂಭಿಸುತ್ತಾರೆ. ವ್ಯಾಪಾರದ ಅಣಕು ಆಟ ಅದು. ನಿಜವಾದ ಹಣ ಇಲ್ಲ, ನಿಜವಾದ ಸರಕಿಲ್ಲ. ಆದರೆ ಆಡಿದವರು ಎದ್ದು ಹೋಗುವಾಗ ತಲೆ ಕೆರೆದುಕೊಂಡು ಹೋಗುತ್ತಾರೆ. ಕಂಪ್ಯೂಟರಿನಲ್ಲೂ ಆಡಬಹುದು. ನಮ್ಮ ಅಭಿಪ್ರಾಯದಲ್ಲಿ ಅದಕ್ಕೆ ಅಳಗುಳಿಮಣೆಯ ಹುಣಸೆ ಬೀಜವೇ ಮೇಲು, ಏಕೆಂದರೆ ರಾಶಿ ಬೆಳೆಯುವುದು, ಬರಿದಾಗುವುದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಆಟ ಕಟ್ಟುವ ಬಗೆ

ಆರು ಜನ ಬೇಕು. ಐವರು ಜಮಖಾನದ ಮೇಲೆ ಸಾಲಾಗಿ ಕುಳಿತುಕೊಳ್ಳಲಿ. ಮೊದಲನೆಯವನು ಹೊರದೇಶದ ಅಂಗಡಿಯವನು. ಎರಡನೆಯವನು ಆ ದೇಶದ ಸಗಟು ವ್ಯಾಪಾರಿ. ಮೂರನೆಯವನು ಬೊಮ್ಮನಹಳ್ಳಿಯ ಹೊಲಿಗೆ ಕಾರ್ಖಾನೆ. ನಾಲ್ಕನೆಯವನು ನೂಲಿನ ಗಿರಣಿ. ಐದನೆಯವನು ಹತ್ತಿಯ ರೈತ. ಆರನೆಯವನು ಗಿರಾಕಿ, ಅವನು ಅಂಗಡಿಯವನ ಪಕ್ಕದಲ್ಲಿ ಕುಳಿತು ವಾರ ವಾರ ತನಗೆಷ್ಟು ಬೇಕೆಂದು ಚೀಟಿಯಲ್ಲಿ ಬರೆದು ಅವನಿಗೆ ಮಾತ್ರ ತೋರಿಸಬೇಕು. ರೈತನ ಹತ್ತಿರ ನೂರಿಪ್ಪತ್ತು ಬೀಜದ ರಾಶಿ, ಉಳಿದ ನಾಲ್ವರ ಮುಂದೆ ನಾಲ್ಕು ನಾಲ್ಕು ಬೀಜ. ಒಂದು ಬೀಜವೆಂದರೆ ಸಾವಿರ ಅಂಗಿ, ಅಥವಾ ಸಾವಿರ ಅಂಗಿಗೆ ಬೇಕಾಗುವ ನೂಲು ಇಲ್ಲವೆ ಹತ್ತಿ ಎಂದಿಟ್ಟುಕೊಳ್ಳಿ.

ಮಾತಾಡುವಂತಿಲ್ಲ. ಒಬ್ಬನಿಂದ ಅವನ ಹಿಂದಿನವನಿಗೆ ಬೇಡಿಕೆಯ ಚೀಟಿ ಮಾತ್ರ ಹೋಗಬೇಕು. ಒಂದೇ ನಿಯಮ: ಈ ವಾರ ಎಷ್ಟು ಕೇಳಿದರೋ ಅಷ್ಟನ್ನು ಕೊಟ್ಟು, ಮುಂದಿನ ವಾರಕ್ಕೂ ಅಷ್ಟೇ ದಾಸ್ತಾನು ಕೈಯಲ್ಲಿರುವಂತೆ ನೋಡಿಕೊಳ್ಳಬೇಕು. ಬುದ್ಧಿವಂತ ಅಂಗಡಿಯವನು ಮಾಡುವುದೇ ಇದು. ಇದರಲ್ಲಿ ದುರಾಸೆ ಏನೂ ಇಲ್ಲ.

ಮೊದಲ ಎರಡು ಮೂರು ವಾರ ಗಿರಾಕಿ 4 ಎಂದು ಬರೆಯಲಿ. ನಾಲ್ಕು ಬೀಜ ಹೋಗುತ್ತವೆ, ನಾಲ್ಕು ಬರುತ್ತವೆ. ಆಡುವವರಿಗೆ ಬೇಸರ ಬಂದು ಆಕಳಿಸತೊಡಗಿದಾಗ ಗಿರಾಕಿ 8 ಎಂದು ಬರೆಯಲಿ. ಅಲ್ಲಿಂದ ಮುಂದೆ ಕಡೆಯವರೆಗೂ 8 ಎಂದೇ ಬರೆಯಬೇಕು. ಅವನು ಮಾಡುವ ಬದಲಾವಣೆ ಆಟದಲ್ಲೆಲ್ಲ ಅದೊಂದೇ.

ಈಗ ಲೆಕ್ಕ ನೋಡಿ. ಅಂಗಡಿಯವನು ಎಂಟು ಕೊಡಬೇಕು, ದಾಸ್ತಾನನ್ನೂ ನಾಲ್ಕರಿಂದ ಎಂಟಕ್ಕೆ ಏರಿಸಬೇಕು. ಆದ್ದರಿಂದ 12 ಕೇಳುತ್ತಾನೆ. ಸಗಟು ವ್ಯಾಪಾರಿಯ ಕಣ್ಣಿಗೆ ಬೇಡಿಕೆ ನಾಲ್ಕರಿಂದ ಹನ್ನೆರಡಕ್ಕೆ ಜಿಗಿದಿದೆ. ಅವನು ಹನ್ನೆರಡು ಕೊಟ್ಟು, ದಾಸ್ತಾನಿಗೆ ಇನ್ನೂ ಎಂಟು ಸೇರಿಸಬೇಕು, 20 ಕೇಳುತ್ತಾನೆ. ಕಾರ್ಖಾನೆ ಇಪ್ಪತ್ತು ಕೊಟ್ಟು ಹದಿನಾರು ಸೇರಿಸಿಕೊಳ್ಳಲು 36 ಕೇಳುತ್ತದೆ. ಗಿರಣಿ 36 ಕೊಟ್ಟು 32 ಸೇರಿಸಿಕೊಳ್ಳಲು 68 ಕೇಳುತ್ತದೆ. ಗಿರಾಕಿ ಕೇಳಿದ್ದು ನಾಲ್ಕೇ ಅಂಗಿ ಹೆಚ್ಚು. ರೈತನಿಗೆ ಬಂದ ಸುದ್ದಿ ನಾಲ್ಕರ ಜಾಗದಲ್ಲಿ ಅರವತ್ತೆಂಟು.

ಮುಂದಿನ ವಾರ ಗಿರಾಕಿ ಮತ್ತೆ ಎಂಟೇ ಕೊಳ್ಳುತ್ತಾನೆ. ಅಂಗಡಿಯವನ ದಾಸ್ತಾನು ಸರಿಯಾಗಿದೆ, ಅವನು 8 ಕೇಳುತ್ತಾನೆ. ಸಗಟು ವ್ಯಾಪಾರಿಗೆ ಬೇಡಿಕೆ ಹನ್ನೆರಡರಿಂದ ಎಂಟಕ್ಕೆ ಇಳಿದಂತೆ ಕಾಣುತ್ತದೆ, ಅವನು 4 ಕೇಳುತ್ತಾನೆ. ಕಾರ್ಖಾನೆಯ ಮುಂದೆ ಇಪ್ಪತ್ತು ಬೀಜ ಇವೆ, ಕೇಳುವವರು ನಾಲ್ಕು. ಅದು ಏನನ್ನೂ ಕೇಳುವುದಿಲ್ಲ. ಗಿರಣಿಯವನ ಮುಂದೆ ಮೂವತ್ತಾರು ಬೀಜದ ರಾಶಿ, ಚೀಟಿಯಲ್ಲಿ ಸೊನ್ನೆ. ಅವನೂ ಸೊನ್ನೆ ಬರೆದು ರೈತನಿಗೆ ಕೊಡುತ್ತಾನೆ.

ಇದೇ ನಿಯಮದಲ್ಲಿ ಮುಂದುವರಿಸಿದರೆ ರೈತನಿಗೆ ವಾರ ವಾರ ಬರುವ ಬೇಡಿಕೆ ಹೀಗಿರುತ್ತದೆ:

ವಾರ 1: 68
ವಾರ 2ರಿಂದ 6ರವರೆಗೆ: ಸೊನ್ನೆ
ವಾರ 7: 4
ವಾರ 8: 8

ಗಿರಾಕಿ ಎಂಟು ವಾರವೂ ತಪ್ಪದೆ ಎಂಟೆಂಟು ಅಂಗಿ ಕೊಂಡಿದ್ದಾನೆ. ಸುಳ್ಳು ಹೇಳಿದವರಿಲ್ಲ, ಲಾಭಕ್ಕೆಂದು ಸರಕು ಬಚ್ಚಿಟ್ಟವರಿಲ್ಲ. ಮಳೆ ಕೈಕೊಟ್ಟಿಲ್ಲ, ಹುಳ ಬಿದ್ದಿಲ್ಲ. ಆದರೂ ರೈತನಾಗಿ ಕುಳಿತವನು ‘ಏನಪ್ಪಾ, ಮೊನ್ನೆ ಅಷ್ಟು ಅವಸರ ಮಾಡಿ ಕೇಳಿದೆ, ಈಗ ಬಾಯೇ ಬಿಡ್ತಿಲ್ವಲ್ಲ’ ಎಂದು ಗಿರಣಿಯವನನ್ನು ದಬಾಯಿಸುತ್ತಾನೆ. ‘ನನ್ನನ್ನೇನು ಕೇಳ್ತೀರಿ ಮಾವ, ಕಾರ್ಖಾನೆಯವನನ್ನು ಕೇಳಿ’ ಎಂದು ಅವನು ಪಕ್ಕಕ್ಕೆ ಕೈ ತೋರಿಸುತ್ತಾನೆ. ಮಾತಾಡಬಾರದೆಂಬ ನಿಯಮ ಅಲ್ಲಿಗೆ ಮುರಿಯುತ್ತದೆ. ಮುರಿಯಲಿ ಬಿಡಿ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಹುಣಸೆ ಬೀಜದ ರೈತ ಅದೇ ವಾರ 68 ಕೊಟ್ಟುಬಿಟ್ಟ. ನಿಜವಾದ ಹತ್ತಿಯ ರೈತನಿಗೆ ಬಿತ್ತಿದ ಮೇಲೆ ಮೊದಲ ಬಿಡಿಸುವಿಕೆಗೆ ನಾಲ್ಕೈದು ತಿಂಗಳು ಬೇಕು. ಅರವತ್ತೆಂಟರ ಸುದ್ದಿ ಕೇಳಿ ಪಕ್ಕದ ಜೋಳದ ಹೊಲವನ್ನೂ ಹತ್ತಿಗೆ ಹಾಕಿದವನು ಫಸಲನ್ನು ಗಾಡಿಗೆ ಹೇರುವ ಹೊತ್ತಿಗೆ ಸೊನ್ನೆಯ ವಾರಗಳು ನಡೆಯುತ್ತಿರುತ್ತವೆ.

ದನದ ರಾಂಚಿನಿಂದ ಬಂದ ಪಾಠ

ಈ ಆಟ ಹುಟ್ಟಿದ್ದು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ, ಜೇ ಫಾರೆಸ್ಟರ್ ಎಂಬ ಪ್ರಾಧ್ಯಾಪಕರ ಬಳಗದಲ್ಲಿ. ಫಾರೆಸ್ಟರ್ 1918ರಲ್ಲಿ ನೆಬ್ರಾಸ್ಕ ಪ್ರಾಂತದ ದನ ಸಾಕುವ ರಾಂಚಿನಲ್ಲಿ ಹುಟ್ಟಿ ಬೆಳೆದವರು. ಶಾಲೆಯಲ್ಲಿ ಓದುತ್ತಿದ್ದಾಗಲೇ ಹಳೆಯ ಮೋಟಾರು ಗಾಡಿಯ ಭಾಗಗಳನ್ನು ಕೂಡಿಸಿ, ಗಾಳಿಯಿಂದ ತಿರುಗುವ ವಿದ್ಯುತ್ ಯಂತ್ರ ಕಟ್ಟಿ ಮನೆಗೆ ದೀಪ ತಂದವರು. ಮುಂದೆ ಗಣಕಯಂತ್ರದ ಕೆಲಸದಲ್ಲಿ ಹೆಸರು ಮಾಡಿ, 1956ರಲ್ಲಿ ಅದೇ ಸಂಸ್ಥೆಯ ವ್ಯಾಪಾರ ನಿರ್ವಹಣಾ ಶಾಲೆಗೆ ಬಂದರು. ಅಲ್ಲಿ ಅವರಿಗೆ ಒಂದು ವಿಚಿತ್ರ ಸಮಸ್ಯೆ ಎದುರಾಯಿತು.

ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಕೆಂಟಕಿ ಪ್ರಾಂತದಲ್ಲಿ ಗೃಹೋಪಕರಣದ ಕಾರ್ಖಾನೆಗಳಿದ್ದವು. ಅವು ಕೆಲವು ಕಾಲ ಮೂರು ಪಾಳಿಯಲ್ಲಿ ನಡೆಯುತ್ತಿದ್ದವು, ಕೆಲವು ವರ್ಷ ಕಳೆದರೆ ಅರ್ಧಕ್ಕರ್ಧ ಕೆಲಸಗಾರರನ್ನು ಮನೆಗೆ ಕಳಿಸಬೇಕಾಗುತ್ತಿತ್ತು. ವ್ಯಾಪಾರದಲ್ಲಿ ಏರಿಳಿತ ಇದ್ದದ್ದೇ ಎಂದು ಹೇಳುವುದು ಸುಲಭವಾಗಿತ್ತು. ಫಾರೆಸ್ಟರ್ ಮಾತ್ರ ಕಾಗದ, ಸೀಸದ ಕಡ್ಡಿ ಹಿಡಿದು ವಾರ ವಾರದ ದಾಸ್ತಾನು, ಬೇಡಿಕೆ, ಕೆಲಸಗಾರರ ಸಂಖ್ಯೆ ಬರೆದು ಲೆಕ್ಕ ಹಾಕುತ್ತ ಹೋದರು. ಹೊರಗಿನ ಬೇಡಿಕೆ ಸ್ಥಿರವಾಗಿದ್ದರೂ ಒಳಗಿನ ನಿರ್ಧಾರಗಳಿಂದಲೇ ಏರಿಳಿತ ಹುಟ್ಟಬಹುದೆಂದು ಆ ಲೆಕ್ಕ ತೋರಿಸಿತು. ಈ ವಿಚಾರವನ್ನು ವಿಸ್ತರಿಸಿ ಅವರು 1961ರಲ್ಲಿ ಗ್ರಂಥ ಬರೆದರು. 2016ರಲ್ಲಿ ತೀರಿಕೊಂಡರು.

ಅವರ ಬಳಗದ ಆಟದಲ್ಲಿ ಸರಕು ಬಿಯರ್ ಪೆಟ್ಟಿಗೆ, ಆದ್ದರಿಂದ ಅದಕ್ಕೆ ಬಿಯರ್ ಆಟವೆಂದೇ ಹೆಸರು ಬಿದ್ದಿದೆ. ನಮ್ಮ ಓದುಗರು ಗಾಬರಿಯಾಗಬೇಕಾಗಿಲ್ಲ, ಆಟದಲ್ಲಿ ಒಂದು ಹನಿಯೂ ಇಲ್ಲ. ಮೂಲ ಆಟ ನಾವು ಮೇಲೆ ಹೇಳಿದ್ದಕ್ಕಿಂತ ಸ್ವಲ್ಪ ಕಷ್ಟ. ಒಬ್ಬೊಬ್ಬರ ಮುಂದೆ 12 ಪೆಟ್ಟಿಗೆ ದಾಸ್ತಾನು, ಚೀಟಿ ತಲುಪಲು ವಾರಗಳ ತಡ, ಸರಕು ಬರಲು ಮತ್ತೆ ಎರಡು ವಾರ. ಉಳಿದ ಪ್ರತಿ ಪೆಟ್ಟಿಗೆಗೆ ವಾರಕ್ಕೆ ಅರ್ಧ ಡಾಲರ್ ಖರ್ಚು, ಕೊಡಲಾಗದೆ ಬಾಕಿ ಉಳಿಸಿಕೊಂಡ ಪೆಟ್ಟಿಗೆಗೆ ಒಂದು ಡಾಲರ್. ಎಷ್ಟು ಕೇಳಬೇಕೆಂಬುದು ಆಡುವವನ ಬುದ್ಧಿಗೇ ಬಿಟ್ಟಿದ್ದು.

ಅದೇ ಸಂಸ್ಥೆಯ ಜಾನ್ ಸ್ಟರ್ಮನ್ ಎಂಬವರು ಹಲವು ತಂಡಗಳು ಆಡಿದ ಆಟದ ಲೆಕ್ಕವನ್ನು ಕೂಡಿಸಿ 1989ರಲ್ಲಿ ಪ್ರಕಟಿಸಿದರು. ಲೆಕ್ಕಾಚಾರದಿಂದ ಆಡಿದರೆ ತಂಡಕ್ಕೆ ಆಗಬಹುದಾಗಿದ್ದ ಖರ್ಚು 204 ಡಾಲರ್. ಆಡಿದವರಿಗೆ ಸರಾಸರಿ ಆದದ್ದು ಅದರ ಹತ್ತರಷ್ಟು. ಇವರೆಲ್ಲ ಓದಿದ ಜನ, ಕೆಲವರು ವ್ಯಾಪಾರ ನಡೆಸಿದವರು. ಆಟ ಮುಗಿದ ಮೇಲೆ ಗಿರಾಕಿ ವಾರ ವಾರ ಎಷ್ಟು ಕೊಂಡಿರಬಹುದೆಂದು ಚಿತ್ರ ಬರೆಯಲು ಹೇಳಿದರೆ, ಹಿಂದಿನ ಸಾಲಿನಲ್ಲಿದ್ದವರು ಬೆಟ್ಟ ಕಣಿವೆಗಳ ಗೆರೆ ಎಳೆದರು. ಗಿರಾಕಿ ಒಮ್ಮೆ ಮಾತ್ರ ನಾಲ್ಕರಿಂದ ಎಂಟಕ್ಕೆ ಏರಿ ಸುಮ್ಮನಾಗಿದ್ದನೆಂದು ತಿಳಿದಾಗ ಅವರಿಗೆ ನಂಬುವುದೇ ಕಷ್ಟವಾಯಿತು.

ಬಾರುಕೋಲಿನ ತುದಿ

ಬಾರುಕೋಲಿನ ಹಿಡಿ ಗೇಣು ಅಲುಗಿದರೆ ಬಾರಿನ ತುದಿ ಮಾರು ಹಾರುತ್ತದೆ. ಮಕ್ಕಳ ಒಳವಸ್ತ್ರ ಮಾರುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ತಮ್ಮ ಬೇಡಿಕೆಯ ಲೆಕ್ಕ ನೋಡಿ ಬೆರಗಾಗಿ ಈ ಹೆಸರನ್ನೇ ಇಟ್ಟರು. ಮಗು ವಾರಕ್ಕೆ ಬಳಸುವುದು ಹೆಚ್ಚು ಕಡಿಮೆ ಒಂದೇ ಲೆಕ್ಕ, ಆದರೆ ಕಾರ್ಖಾನೆಗೆ ಬರುವ ಬೇಡಿಕೆ ಕುಣಿಯುತ್ತಿತ್ತು. 1997ರಲ್ಲಿ ಹಾವ್ ಲೀ, ಪದ್ಮನಾಭನ್, ವಾಂಗ್ ಎಂಬ ಮೂವರು ವಿದ್ವಾಂಸರು ಇದಕ್ಕೆ ನಾಲ್ಕು ಕಾರಣಗಳನ್ನು ವಿವರಿಸಿದರು. ಒಂದು ನಾವು ಬೀಜದಲ್ಲಿ ಕಂಡದ್ದು, ಅಂದರೆ ಮುಂದಿನವನ ಚೀಟಿಯನ್ನೇ ಗಿರಾಕಿಯ ಬೇಡಿಕೆಯೆಂದು ತಿಳಿಯುವುದು. ಇನ್ನೊಂದು, ಲಾರಿ ತುಂಬುವವರೆಗೆ ಕಾದು ಒಮ್ಮೆಲೇ ಕೇಳುವುದು. ಮತ್ತೊಂದು, ದರ ಇಳಿದಾಗ ಕೊಂಡು ತುಂಬಿಟ್ಟುಕೊಂಡು ಆಮೇಲೆ ತಿಂಗಳುಗಟ್ಟಲೆ ಪೇಟೆಗೆ ಬಾರದಿರುವುದು. ಇವೆರಡೂ ರೈತರಿಗೆ ಹೊಸತಲ್ಲ. ನಾಲ್ಕನೆಯದನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಅದರಲ್ಲಿ ಚೀಟಿ ಬರೆಯುವವರು ನಾವೇ.

ಸರಕು ಸಿಗದೆಂಬ ಸುದ್ದಿ ಹಬ್ಬಿದರೆ ಎರಡು ಬೇಕಾದವನು ನಾಲ್ಕು ಕೇಳುತ್ತಾನೆ, ನಾಲ್ಕು ಕಡೆ ಕೇಳುತ್ತಾನೆ. 2025ರ ಮುಂಗಾರಿನಲ್ಲಿ ಮಳೆ ಬೇಗ ಬಂದು ಮುಸುಕಿನ ಜೋಳದ ಬಿತ್ತನೆ ಹೆಚ್ಚಾಯಿತು, ಜುಲೈ ತಿಂಗಳಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಯೂರಿಯಾಕ್ಕೆ ರೈತರು ಸರದಿಯಲ್ಲಿ ನಿಂತರು. ಕೊರತೆ ಸುಳ್ಳಲ್ಲ. ಆದರೆ ಇಂಥ ಸಮಯದಲ್ಲಿ ಮನೆಯ ಮೂರು ಜನ ಮೂರು ಅಂಗಡಿಯ ಮುಂದೆ ನಿಂತರೆ ಅಂಗಡಿಯವನಿಗೆ ಒಂದು ಎಕರೆ ಮೂರು ಎಕರೆಯಾಗಿ ಕಾಣುತ್ತದೆ. ಅವನು ಮೇಲಕ್ಕೆ ಬರೆಯುವ ಚೀಟಿ ಇನ್ನೂ ದೊಡ್ಡದು. ನಿಜವಾಗಿ ಎಷ್ಟು ಬೇಕು, ಭಯಕ್ಕೆ ಎಷ್ಟು ಬೇಕು ಎಂಬುದನ್ನು ಆಮೇಲೆ ಯಾರೂ ಬೇರ್ಪಡಿಸಲಾರರು.

ಅದೇ ವರ್ಷದ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಹಿಂದಿನ ವರ್ಷಗಳಲ್ಲಿ ಕೋಳಿ ಆಹಾರದ ಜೊತೆಗೆ ಎಥನಾಲ್ ಕಾರ್ಖಾನೆಗಳೂ ಮುಸುಕಿನ ಜೋಳಕ್ಕೆ ಕೈಚಾಚಿದ್ದವು, ದರ ಚೆನ್ನಾಗಿತ್ತು. ಆ ಸುದ್ದಿಯೇ ಬಿತ್ತನೆಯನ್ನು ಏರಿಸಿತು. ನವೆಂಬರಿನಲ್ಲಿ ಕಾಳು ಮಾರುಕಟ್ಟೆಗೆ ಬಂದಾಗ ಕ್ವಿಂಟಾಲಿಗೆ 2,400 ರೂಪಾಯಿ ಬೆಂಬಲ ಬೆಲೆ ಕಾಗದದಲ್ಲಿತ್ತು, ಪೇಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. ಗದಗ, ಹಾವೇರಿ ಕಡೆಯ ರೈತರು ಬೀದಿಗಿಳಿದರು. ಜುಲೈಯಲ್ಲಿ ಗೊಬ್ಬರ ಸಾಲದಂತೆ ಮಾಡಿದ್ದು, ನವೆಂಬರಿನಲ್ಲಿ ದರ ಬೀಳಿಸಿದ್ದು, ಎರಡರ ಹಿಂದೆಯೂ ಅದೇ ಹೆಚ್ಚುವರಿ ಬಿತ್ತನೆ ಇತ್ತು.

ಮತ್ತೆ ಬೊಮ್ಮನಹಳ್ಳಿಗೆ

ಹತ್ತಿಯ ಸರಪಳಿ ಕಳೆದ ಕೆಲವು ವರ್ಷಗಳಲ್ಲಿ ಹೇಗೆ ಕುಣಿಯಿತೆಂಬುದನ್ನು ನೋಡಿದರೆ ಬೀಜದ ಆಟ ಆಟವಲ್ಲವೆನಿಸುತ್ತದೆ. 2020ರ ಮಾರ್ಚ್, ಏಪ್ರಿಲ್‌ನಲ್ಲಿ ಕೊರೋನಾ ಬಂದು ಹೊರದೇಶದ ಅಂಗಡಿಗಳು ಬಾಗಿಲು ಹಾಕಿದವು. ದೊಡ್ಡ ದೊಡ್ಡ ಬಟ್ಟೆ ಕಂಪನಿಗಳು ಕೊಟ್ಟಿದ್ದ ಬೇಡಿಕೆಯನ್ನು ರದ್ದು ಮಾಡಿದವು, ಇಲ್ಲವೆ ಮುಂದಕ್ಕೆ ಹಾಕಿದವು. ಏಷ್ಯಾದ ಹೊಲಿಗೆ ಕಾರ್ಖಾನೆಗಳಲ್ಲಿ ಯಂತ್ರಗಳು ನಿಂತವು, ಹೆಣ್ಣುಮಕ್ಕಳು ಗಂಟು ಕಟ್ಟಿಕೊಂಡು ಊರಿಗೆ ಹೋದರು. ಮರುವರ್ಷ ಜನ ಮತ್ತೆ ಬಟ್ಟೆ ಕೊಳ್ಳತೊಡಗಿದಾಗ ಅಂಗಡಿಗಳಲ್ಲಿ ಸರಕಿಲ್ಲ, ಹಡಗುಗಳು ಬಂದರಿನಲ್ಲಿ ವಾರಗಟ್ಟಲೆ ಸಿಕ್ಕಿಬಿದ್ದವು. ತಡವಾಗುತ್ತದೆಂಬ ಭಯಕ್ಕೆ ಎಲ್ಲರೂ ಹೆಚ್ಚು ಹೆಚ್ಚು ಕೇಳಿದರು. ಅರವತ್ತೆಂಟರ ವಾರ ಎಂದರೆ ಇದು.

2022ರ ಮೇ ತಿಂಗಳಲ್ಲಿ 356 ಕಿಲೋ ತೂಗುವ ಒಂದು ಕ್ಯಾಂಡಿ ಅರಳೆಯ ದರ ನಮ್ಮ ದೇಶದಲ್ಲಿ ಒಂದು ಲಕ್ಷ ರೂಪಾಯಿ ದಾಟಿತು. ಆ ವರ್ಷ ಫಸಲು ಕಡಿಮೆಯಾದದ್ದೂ ಒಂದು ಕಾರಣವೆಂಬುದನ್ನು ಮರೆಯಬಾರದು. ಆದರೆ ಅದೇ ಮೇ ತಿಂಗಳಲ್ಲಿ ಅಮೆರಿಕದಲ್ಲಿ ವಾಲ್‌ಮಾರ್ಟ್, ಟಾರ್ಗೆಟ್‌ನಂಥ ಭಾರಿ ಅಂಗಡಿಗಳು ತಮ್ಮಲ್ಲಿ ದಾಸ್ತಾನು ಮಿತಿಮೀರಿದೆಯೆಂದು ಬಹಿರಂಗವಾಗಿ ಹೇಳುತ್ತಿದ್ದವು. ಸರಪಳಿಯ ಆ ತುದಿಯಲ್ಲಿ ಸೊನ್ನೆ ಬರೆಯಲು ಆರಂಭವಾಗಿತ್ತು, ಈ ತುದಿಯಲ್ಲಿ ರೈತ ಲಕ್ಷದ ಸುದ್ದಿ ಕೇಳಿ ಮುಂಗಾರಿಗೆ ಹತ್ತಿ ಬೀಜದ ಪ್ಯಾಕೆಟ್ ಕೊಳ್ಳುತ್ತಿದ್ದ. 2023ರ ಹೊತ್ತಿಗೆ ಕ್ಯಾಂಡಿಯ ದರ ಅರವತ್ತು ಸಾವಿರದ ಆಸುಪಾಸಿಗೆ ಬಂದು ನಿಂತಿತು.

2025ರಲ್ಲಿ ಇನ್ನೊಂದು ಬಗೆಯ ಪೆಟ್ಟು ಬಿತ್ತು. ಆಗಸ್ಟ್ ಕೊನೆಯ ವಾರದಲ್ಲಿ ಅಮೆರಿಕ ನಮ್ಮ ದೇಶದ ಬಹುಪಾಲು ಸರಕಿನ ಮೇಲೆ ಶೇಕಡಾ 50ರ ಸುಂಕ ಹಾಕಿತು. ಬಟ್ಟೆ ಕಾರ್ಖಾನೆಗಳಿಗೆ ಅಗ್ಗದ ಹತ್ತಿಯಾದರೂ ಸಿಗಲೆಂದು ಕೇಂದ್ರ ಸರ್ಕಾರ ಆಮದು ಹತ್ತಿಯ ಮೇಲಿದ್ದ ಶೇಕಡಾ 11ರ ಸುಂಕವನ್ನು ಆ ಆಗಸ್ಟ್‌ 19ರಿಂದ ವರ್ಷದ ಕೊನೆಯವರೆಗೆ ತೆಗೆದುಹಾಕಿತು. ಹೊಲಿಗೆ ಕಾರ್ಖಾನೆಗೆ ಸ್ವಲ್ಪ ಉಸಿರು ಬಂತು. ಹತ್ತಿ ಬಿಡಿಸುವ ಹೊತ್ತಿಗೆ ಸರಿಯಾಗಿ ಹೊರಗಿನ ಬೇಲುಗಳು ಬಂದದ್ದರಿಂದ ರೈತ ಬೆಂಬಲ ಬೆಲೆಯ ಖರೀದಿ ಕೇಂದ್ರದ ಮುಂದೆ ನಿಲ್ಲಬೇಕಾಯಿತು. ಬೊಮ್ಮನಹಳ್ಳಿಯಲ್ಲಿರುವ ಮಗಳ ಕೆಲಸ ಉಳಿಸಲು ಮಾಡಿದ್ದು ಊರಲ್ಲಿರುವ ತಂದೆಯ ಜೇಬಿಗೆ ಕೈ ಹಾಕಿತೆಂದರೆ ತಪ್ಪಾಗಲಾರದು. ಆಟದಲ್ಲಿ ಇಂಥದಕ್ಕೂ ಜಾಗ ಉಂಟು. ಗಿರಾಕಿಯ ಕೈಯಲ್ಲಿ ‘ಸುಂಕ’ ಎಂದು ಬರೆದ ಒಂದು ಚೀಟಿ ಇರಲಿ, ಅವನು ತನಗಿಷ್ಟ ಬಂದ ವಾರ ಅದನ್ನು ಹಾಕಲಿ.

ಆಟಕ್ಕೂ ಲೋಕಕ್ಕೂ ಇರುವ ಮುಖ್ಯ ವ್ಯತ್ಯಾಸವೊಂದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಜಮಖಾನದ ಮೇಲೆ ಐವರೂ ಸಮಾನರು. ಹೊರಗೆ ಹಾಗಿಲ್ಲ. ಅಂಗಡಿಯವನು ಬರೆದ ಚೀಟಿಯನ್ನು ಹರಿದು ಹಾಕಬಲ್ಲ, ಕಾರ್ಖಾನೆ ಪಾಳಿ ನಿಲ್ಲಿಸಬಲ್ಲದು. ಬಿತ್ತಿದ್ದನ್ನು ರೈತ ಮರಳಿ ಚೀಲಕ್ಕೆ ತುಂಬಲಾರ. ವ್ಯಾಪಾರದ ಶಾಲೆಗಳಲ್ಲಿ ಈ ಆಟವನ್ನು ಖರ್ಚು ಉಳಿಸುವ ಜಾಣತನವೆಂದು ಕಲಿಸುವುದೇ ಹೆಚ್ಚು. ಖರ್ಚು ಯಾರ ತಲೆಯ ಮೇಲೆ ಕೂರುತ್ತದೆಂಬುದನ್ನು ಕಡೆಯ ಜಾಗದಲ್ಲಿ ಕುಳಿತವನೇ ಕೇಳಬೇಕು.

ಚೀಟಿ ಬಿಚ್ಚಿಟ್ಟು ಆಡಿದರೆ

ಎರಡನೆಯ ಸಲ ಆಡುವಾಗ ಒಂದೇ ಒಂದು ಬದಲಾವಣೆ ಮಾಡಿ. ಗಿರಾಕಿ ತನ್ನ ಚೀಟಿಯನ್ನು ಐವರಿಗೂ ಕಾಣುವಂತೆ ಮಧ್ಯದಲ್ಲಿ ಇಡಲಿ. ಈಗ ಪ್ರತಿಯೊಬ್ಬನಿಗೂ ನಿಜವಾದ ಬೇಡಿಕೆ ನಾಲ್ಕರಿಂದ ಎಂಟಾಗಿದೆಯೆಂದು ಗೊತ್ತು, ಆದ್ದರಿಂದ ತನ್ನ ದಾಸ್ತಾನನ್ನು ನಾಲ್ಕರಿಂದ ಎಂಟಕ್ಕೆ ಮಾತ್ರ ಏರಿಸುತ್ತಾನೆ. ಅಂಗಡಿಯವನು 12, ಸಗಟು ವ್ಯಾಪಾರಿ 16, ಕಾರ್ಖಾನೆ 20, ಗಿರಣಿ 24. ಗಿರಾಕಿಗೆ ಎಂಟು, ನಾಲ್ಕು ಜನರ ರಾಶಿಗೆ ನಾಲ್ಕು ನಾಲ್ಕರಂತೆ ಹದಿನಾರು, ಅಷ್ಟೇ. ಮುಂದಿನ ವಾರದಿಂದ ಎಲ್ಲರೂ 8. ರೈತನಿಗೆ ಅರವತ್ತೆಂಟರ ಬದಲು ಇಪ್ಪತ್ತನಾಲ್ಕು, ಸೊನ್ನೆಯ ವಾರ ಒಂದೂ ಇಲ್ಲ. ಬೀಜ ಅವೇ, ಜನ ಅವರೇ.

ನಿಜ ಜೀವನದಲ್ಲಿ ಹೊರದೇಶದ ಅಂಗಡಿಯ ಚೀಟಿಯನ್ನು ನಮ್ಮ ಊರಿನ ಕಟ್ಟೆಯ ಮೇಲೆ ಯಾರೂ ತಂದಿಡುವುದಿಲ್ಲ. ಆದರೂ ಹತ್ತಿರದ ಉದಾಹರಣೆ ಇಲ್ಲದಿಲ್ಲ. ಬೊಮ್ಮನಹಳ್ಳಿಯಿಂದ ಅದೇ ಹೊಸೂರು ರಸ್ತೆಯಲ್ಲಿ ನಗರದ ಕಡೆಗೆ ಬಂದರೆ ಡೇರಿ ವೃತ್ತ ಸಿಗುತ್ತದೆ. ಹಾಲಿನ ಸರಪಳಿಯಲ್ಲಿ ಊರಿನ ಸಂಘ ಬೆಳಿಗ್ಗೆ ಸಂಜೆ ಹಾಲು ಅಳೆದುಕೊಳ್ಳುತ್ತದೆ, ಎಷ್ಟು ಬಂತು, ಎಷ್ಟು ಮಾರಿತು ಎಂಬ ಲೆಕ್ಕ ದಿನಕ್ಕೆ ದಿನ ಮೇಲಕ್ಕೂ ಕೆಳಕ್ಕೂ ಹೋಗುತ್ತದೆ. ಪೇಟೆಯಲ್ಲಿ ಹಾಲು ಉಳಿದರೆ ಅದನ್ನು ಪುಡಿ ಮಾಡಿ ಇಡುವ ಹೊರೆಯನ್ನು ಒಕ್ಕೂಟ ಹೊರುತ್ತದೆ. ಹಸು ಕಟ್ಟಿದವನಿಗೆ ದರದ ಬಗ್ಗೆ ತಕರಾರು ಇರಬಹುದು, ಇದೆ ಕೂಡ. ಆದರೆ ಇಂದು ಅರವತ್ತೆಂಟು ಲೀಟರ್ ತಾ, ನಾಳೆಯಿಂದ ಐದು ದಿನ ಬರಬೇಡ ಎಂದು ಅವನಿಗೆ ಯಾರೂ ಹೇಳುವುದಿಲ್ಲ.

ಹತ್ತಿ, ಮುಸುಕಿನ ಜೋಳ, ತರಕಾರಿ ಬೆಳೆಯುವ ಸಂಘಗಳು ಕೆಲವು ಚೀಟಿಗಳನ್ನಾದರೂ ಬಿಚ್ಚಿ ನೋಡಬಹುದು. ಮಾರುಕಟ್ಟೆಯ ಫಲಕದಲ್ಲಿ ನಾವು ಸಾಮಾನ್ಯವಾಗಿ ದರವನ್ನು ಮಾತ್ರ ಓದುತ್ತೇವೆ, ಪಕ್ಕದಲ್ಲಿರುವ ಆವಕದ ಅಂಕಿಯನ್ನು ಬಿಡುತ್ತೇವೆ. ತಾಲ್ಲೂಕಿನಲ್ಲಿ ಯಾವ ಬೀಜದ ಪ್ಯಾಕೆಟ್ ಎಷ್ಟು ಮಾರಿತೆಂದು ಬೀಜದಂಗಡಿಯವರನ್ನು ಜೂನ್ ತಿಂಗಳಲ್ಲೇ ವಿಚಾರಿಸಿದರೆ ನವೆಂಬರಿನ ಆವಕ ಅಂದಾಜಿಗೆ ಸಿಗುತ್ತದೆ. ಕೃಷಿ ಇಲಾಖೆಯ ಬಿತ್ತನೆ ವರದಿ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ಸಿಗುವಂಥದು. ಖರೀದಿದಾರ ಊರಿಗೆ ಬಂದಾಗ ಇಂದಿನ ದರದ ಜೊತೆಗೆ ‘ನಿಮ್ಮ ಗೋಡೌನಿನಲ್ಲಿ ಈಗ ಎಷ್ಟು ದಿನದ ಸರಕಿದೆ?’ ಎಂದೂ ಕೇಳಿ. ಸರಿಯಾದ ಉತ್ತರ ಕೊಡದಿದ್ದರೂ ಅವನ ಮುಖ ಏನಾದರೂ ಹೇಳೀತು. ಗೊಬ್ಬರದ ವಿಷಯದಲ್ಲಿ ಸೊಸೈಟಿಯೇ ಬಿತ್ತನೆಗೆ ಮುಂಚೆ ಸದಸ್ಯರ ಎಕರೆ, ಬೆಳೆ ಬರೆದುಕೊಂಡು ಒಂದೇ ಚೀಟಿ ಕಳಿಸಿದರೆ ಮೂರು ಅಂಗಡಿಯ ಮುಂದೆ ನಿಲ್ಲುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.

ಆಡುವವರಿಗೆ ಕೊನೆಯದಾಗಿ ಒಂದೆರಡು ಸೂಚನೆ. ಎರಡು ಸಲ ಆಡಲು ಒಂದೂವರೆ ಗಂಟೆ ಸಾಕು, ಕಷ್ಟದ ಬಗೆಯನ್ನು ಆಡುವುದಾದರೆ ಇನ್ನೊಂದು ಗಂಟೆ ಹಿಡಿಯುತ್ತದೆ. ಹುಣಸೆ ಬೀಜ ಸಾಲದಿದ್ದರೆ ಅವರೆ ಕಾಳು ಆಗಬಹುದು, ಕಡಲೆಬೀಜ ಬೇಡ, ಆಟ ಮುಗಿಯುವುದರೊಳಗೆ ದಾಸ್ತಾನು ಕಡಿಮೆಯಾಗುತ್ತದೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಹಬ್ಬಕ್ಕೆ ಊರಿಗೆ ಬಂದಿದ್ದರೆ ಮೂರನೆಯ ಜಾಗದಲ್ಲಿ ಅವರಲ್ಲೊಬ್ಬರನ್ನು ಕೂರಿಸಿ. ಕಾರ್ಖಾನೆಗೆ ಮೂವತ್ತಾರರ ವಾರ ಬಂದಾಗ ಅಲ್ಲಿ ಏನಾಗುತ್ತದೆ, ಸೊನ್ನೆಯ ವಾರ ಬಂದಾಗ ಏನಾಗುತ್ತದೆ ಎಂಬುದನ್ನು ಅವರು ಚೀಟಿ ನೋಡದೆಯೇ ಹೇಳಬಲ್ಲರು.